ಹಾಲಿಗೂ ಹ್ಯಾಂಡೋವರ್

ಆ ಭಾನುವಾರ ಚಾಮರಾಜಪೇಟೆಯ ನಮ್ಮ ಅಡುಗೆಮನೆಯಲ್ಲಿ ಇದ್ದವರು ನಾನು, ನನ್ನ ತಾಯಿ, ನನ್ನ ಅಕ್ಕನ ಮಗಳು, ಮತ್ತು ಒಲೆಯ ಮೇಲಿನ ಹಾಲು. ಹಾಲನ್ನೇಕೆ ಸೇರಿಸಿದೆ ಅಂತೀರಾ? ನಮ್ಮ ಹುಡುಗಿಯ ಮಟ್ಟಿಗೆ ಅದೂ ಒಬ್ಬ ರೋಗಿಯೇ. ನರ್ಸಿಂಗ್ ಮುಗಿಸಿ ಮಲ್ಲೇಶ್ವರದ ಕಡೆಯ ಒಂದು ಆಸ್ಪತ್ರೆ ಸೇರಿದಾಗಿನಿಂದ ಈ ಮಹಾತಾಯಿ ನಮ್ಮಲ್ಲೇ ಇದ್ದಾಳೆ. ಇದು ವಾರ್ಡಲ್ಲ, ಮನೆ ಎಂಬುದು ಅವಳಿಗಿನ್ನೂ ಖಚಿತವಾದಂತಿಲ್ಲ.

ಪಾಳಿ ಮುಗಿಸಿದ ನರ್ಸು ಹಾಗೇ ಬ್ಯಾಗು ಹೆಗಲಿಗೇರಿಸಿ ಹೊರಡುವಂತಿಲ್ಲ. ಒಂದೊಂದು ಹಾಸಿಗೆಯ ಪಕ್ಕವೂ ನಿಂತು, ರೋಗಿ ಏನು ತಿಂದ, ಹೇಗೆ ಮಲಗಿದ, ಏನು ಬಾಕಿ ಎಂದು ಮುಂದಿನ ನರ್ಸಿಗೆ ಒಪ್ಪಿಸಬೇಕು. ಅದಕ್ಕೆ ಹ್ಯಾಂಡೋವರ್ ಎನ್ನುತ್ತಾರಂತೆ. ಒಳ್ಳೆಯ ಪದ್ಧತಿಯೇ. ಆದರೆ ಅದನ್ನು ಅಡುಗೆಮನೆಗೂ ತಂದರೆ? ನಮ್ಮಲ್ಲಿ ದಿನಾ ಬೆಳಿಗ್ಗೆ ಇದೇ ಪಾಠ.

"ಮಾಮ, ಸ್ನಾನಕ್ಕೆ ಹೋಗ್ತಿದೀನಿ. ಹಾಲು ಯಾವಾಗ ಬೇಕಾದ್ರೂ ಉಕ್ಕಬಹುದು, ಬಿಟ್ಟು ಕದಲಬೇಡಿ. ಕುಕ್ಕರ್ ಎರಡು ಸಲ ಕೂಗಿದೆ, ಇನ್ನೊಂದು ಬಾಕಿ. ಅಜ್ಜಿ ಸಿಡಿಸಿಡಿ ಅಂತಿದಾರೆ, ಕಾಫಿ ಆಗಿಲ್ಲ."

"ಕುಕ್ಕರ್ ಆದ್ಮೇಲೆ ನನ್ನ ಸರದಿಯೇನೇ?" ಎನ್ನುತ್ತಾರೆ ನನ್ನ ತಾಯಿ.

ಬಂದವರಿಗೂ ವಿನಾಯಿತಿ ಇಲ್ಲ. ಒಮ್ಮೆ ಪಕ್ಕದ ಮನೆಯ ರಾಯರು ಪೇಪರ್ ಓದಲು ಬಂದು ಕೂತಿದ್ದರು. ಡ್ಯೂಟಿಗೆ ಹೊರಟವಳು ಅವರನ್ನು, ಅವರೆದುರಿಗೇ, ನನಗೆ ಒಪ್ಪಿಸಿದಳು. "ಅಂಕಲ್‌ಗೆ ಕಾಫಿ ಕೊಟ್ಟಾಗಿದೆ. ಇನ್ನೊಂದು ಕೇಳ್ತಾರೆ, ಕೊಡ್ಬೇಡಿ. ಬಿಪಿ ಜಾಸ್ತಿ, ಮಾತೂ ಜಾಸ್ತಿ." ರಾಯರು ವಾರವಿಡೀ ನಮ್ಮ ಗೇಟು ಮುಟ್ಟಲಿಲ್ಲ. ಆಮೇಲೆ ಬಂದವರು ತಾವಾಗಿಯೇ ಅರ್ಧ ಲೋಟ ಸಾಕೆಂದರು.

ಇಂಥವಳು ಆ ಭಾನುವಾರ ತುಟಿ ಬಿಚ್ಚದೆ ಒಲೆಯ ಮುಂದಿನಿಂದ ಎದ್ದು ಹೋದಳು. ಒಪ್ಪಿಸಿಕೊಂಡೇ ಅಭ್ಯಾಸವಾದ ನಾವಿಬ್ಬರೂ ಸುಮ್ಮನೆ ಕೂತಿದ್ದೆವು. ಹಾಲು ಉಕ್ಕಿತು.

ಕೋಣೆಗೆ ಹೋಗಿ, "ಏನಾಯ್ತೇ?" ಎಂದೆ.

"ಕೆಲಸ ಬಿಟ್ಬಿಡ್ತೀನಿ ಮಾಮ. ನಾಳೆ ಹೋಗಿ ಹೇಳ್ಬಿಡ್ತೀನಿ."

"ಅಷ್ಟು ಕಷ್ಟನಾ?"

"ಕಷ್ಟ ಇರ್ಲಿ, ಗೊತ್ತಿದ್ದೇ ಸೇರಿದ್ದು. ಅಲ್ಲಿ ಎಲ್ಲರೂ ಪೇಷೆಂಟ್ ಊಟ ಮಾಡಿದ್ರಾ ಅಂತ ನನ್ನನ್ನ ಕೇಳ್ತಾರೆ. ನೀನು ಮಾಡಿದ್ಯಾ ಅಂತ ಒಬ್ರೂ ಕೇಳಲ್ಲ."

ಆಚೆ ತಾಯಿ ಒಲೆ ಒರೆಸುತ್ತಿದ್ದರು, ಕೇಳಿಸಿತೋ ಇಲ್ಲವೋ.

ಸೋಮವಾರ ಬೆಳಿಗ್ಗೆ ಅವಳನ್ನು ಬಿಟ್ಟುಬರಲು ಸ್ಕೂಟರ್ ತೆಗೆದೆ. ಗೇಟಿನ ಬಳಿ ನನ್ನ ತಾಯಿ ಊಟದ ಡಬ್ಬಿ ಹಿಡಿದು, ಹುಡುಗಿಯ ಪಕ್ಕ ನೆಟ್ಟಗೆ ನಿಂತು, ನನಗೆ ಒಪ್ಪಿಸತೊಡಗಿದರು.

"ಹುಡುಗಿ ರಾತ್ರಿ ಅರ್ಧ ಚಪಾತಿ ತಿಂದಿದಾಳೆ. ನಿದ್ದೆ ಸರಿಯಾಗಿಲ್ಲ. ಅತ್ತಿದಾಳೆ, ಕೇಳಿದ್ರೆ ಇಲ್ಲ ಅಂತಾಳೆ. ಡಬ್ಬೀಲಿ ಅವರೆಕಾಳು ಉಪ್ಪಿಟ್ಟಿದೆ, ತಿನ್ನೋದು ಬಾಕಿ. ಕಾಟನ್‌ಪೇಟೆ ಹತ್ರ ಗುಂಡಿ ನೋಡ್ಕೊಂಡು ಓಡ್ಸು. ಇನ್ಮೇಲೆ ನಿನ್ನ ಜವಾಬ್ದಾರಿ."

"ಆಯ್ತಮ್ಮ" ಎಂದೆ. ಹುಡುಗಿ ಶ್ರೀರಾಂಪುರ ದಾಟುವವರೆಗೂ ನನ್ನ ಭುಜ ಬಿಗಿಯಾಗಿ ಹಿಡಿದಿದ್ದಳು.

ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಅಜ್ಜಿಗೆ ಒಪ್ಪಿಸಿದಳು.

"ಡಬ್ಬಿ ಖಾಲಿ. ಅತ್ತಿಲ್ಲ. ಪಕ್ಕದ ವಾರ್ಡಿಗೆ ಒಬ್ಬಳು ಹೊಸ ನರ್ಸು ಬಂದಿದಾಳೆ, ಊಟ ಮಾಡಿದ್ಯಾ ಅಂತ ಕೇಳ್ದೆ, ಮಾಡಿರ್ಲಿಲ್ಲ. ನಾಳೆ ಇಬ್ಬರಿಗಾಗೋಷ್ಟು ಹಾಕಿ ಅಜ್ಜಿ."