ಏಳನೆಯ ದಿನದ ಕಲಮು

ಜಮಖಂಡಿಯ ನನ್ನ ಆಫೀಸಿನ ಬೋರ್ಡು ಓದಿದವರಿಗೆ ನನ್ನ ಬಗ್ಗೆ ಗೌರವ ಬರುವುದು ಸಹಜ. ದಿವಾಣಿ, ಫೌಜದಾರಿ, ಪಾಲು-ವಾಟ್ನಿ, ಮೃತ್ಯುಪತ್ರ, ಮೋಟಾರು ಅಪಘಾತ, ಗಂಡ-ಹೆಂಡಿರ ವ್ಯಾಜ್ಯ ಎಲ್ಲವೂ ಅದರಲ್ಲಿವೆ. ಜಾಗ ಸಾಲದೆ ಪೇಂಟರ್ ಕೊನೆಯ ಸಾಲನ್ನು ಇರುವೆ ಗಾತ್ರಕ್ಕೆ ಇಳಿಸಿದ್ದಾನೆ. ನಿಜ ಹೇಳಬೇಕೆಂದರೆ ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ: ಹಿಂದಿನ ಕಾಗದ ನೋಡಿ ಮುಂದಿನ ಕಾಗದ ಬರೆಯುವುದು. ನನಗೆ ಕೆಲಸ ಕಲಿಸಿದ ಹಿರಿಯ ವಕೀಲರೂ ಹಾಗೆಯೇ ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲಂತೂ ಹೆಸರು, ಊರು, ಚಕ್ಕುಬಂದಿ ಬದಲಿಸಿದರೆ ಮುಗಿಯಿತು. ಬೆಳಿಗ್ಗೆ ಸಾವಳಗಿಯ ಹೊಲದ ವಾಟ್ನಿಪತ್ರವಾಗಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಬನಹಟ್ಟಿಯ ಮನೆಯ ವಾಟ್ನಿಪತ್ರವಾಗುತ್ತದೆ.

ಈ ವಿದ್ಯೆ ಕೈಕೊಟ್ಟದ್ದು ಬನಹಟ್ಟಿಯ ನೇಕಾರ ಅಣ್ಣತಮ್ಮಂದಿರ ವಾಟ್ನಿಯಲ್ಲಿ. ಅಣ್ಣ ಮಹಾದೇವಪ್ಪ, ತಮ್ಮ ಈರಪ್ಪ. ಮನೆ, ಮಗ್ಗ, ಹಂಡೆ, ಕೊಡ ಎಲ್ಲ ಹಂಚಿಕೆಯಾಗಿ ಉಳಿದದ್ದು ತಾಯಿ ಗಂಗವ್ವ. ಇಬ್ಬರಿಗೂ ತಾಯಿ ಬೇಕು. ಪ್ರೀತಿ ಇತ್ತು, ಇಲ್ಲವೆನ್ನಲಾರೆ. ಆದರೆ ಆಕೆಯಷ್ಟು ಚುರುಕಾಗಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವರು ಆ ಓಣಿಯಲ್ಲೇ ಇರಲಿಲ್ಲ ಎಂಬುದೂ ಇತ್ತು. "ಅವ್ವ ನನ್ನ ಕಡೆ ಇರ್ತಾಳಂದ್ರ ಸಹಿ, ಇಲ್ಲಂದ್ರ ಕೋರ್ಟು" ಎಂದು ಇಬ್ಬರೂ ಬೇರೆಬೇರೆಯಾಗಿ ಬಂದು ಹೇಳಿಹೋಗಿದ್ದರು. ಕೋರ್ಟು ಹತ್ತಿದರೆ ಆ ಮುದುಕಿಯ ಕಾಲಕ್ಕೆ ತೀರ್ಪು ಬರುವುದಿಲ್ಲವೆಂದು ನನಗೆ ಗೊತ್ತಿತ್ತು, ಬೇಸರವೂ ಆಗಿತ್ತು. ತಾಯಿಯ ವಿಷಯ ಬಿಟ್ಟು ಪತ್ರದ ಉಳಿದ ಭಾಗವನ್ನಾದರೂ ಓದಿ ಹೇಳೋಣವೆಂದು ಮೂವರನ್ನೂ ಕರೆಸಿದೆ.

ಗಂಭೀರವಾಗಿ ಓದುತ್ತ ಹೋದೆ. "ಸದರಿ ಬಾವಿಯನ್ನು ಮೂರು ದಿನ ಹಿರಿಯನೂ ಮೂರು ದಿನ ಕಿರಿಯನೂ ಪಾಳಿಯಂತೆ ಬಳಸತಕ್ಕದ್ದು. ಏಳನೆಯ ದಿನ ಬಾವಿಗೆ ಬಿಡುವು ಕೊಡತಕ್ಕದ್ದು; ಯಾರೂ ಮೋಟಾರು ಚಾಲೂ ಮಾಡಕೂಡದು."

"ವಕೀಲ್ರ, ನಮಗ ಬಾವಿ ಎಲ್ಲೈತ್ರಿ?" ಎಂದ ಈರಪ್ಪ.

ಬಾವಿ ಸಾವಳಗಿಯ ಹೊಲದಲ್ಲಿತ್ತು. ಹಳೆಯ ಪತ್ರದ ಆ ಕಲಮನ್ನು ತೆಗೆಯಲು ಮರೆತಿದ್ದೆ. ಅಷ್ಟರಲ್ಲಿ ಗಂಗವ್ವ ಸೆರಗು ಸರಿಮಾಡಿಕೊಂಡಳು.

"ತಡೀಲೇ. ಬಾವಿ ಇಲ್ಲದಿದ್ರ ನಾ ಇದ್ದೇನಲಾ. ಬಾವಿ ಅನ್ನೂ ಕಡೆ ನನ್ನ ಹೆಸರ ಬರೀರಿ ವಕೀಲ್ರ. ಮೂರ ದಿನಾ ಅವನ ಮನ್ಯಾಗ, ಮೂರ ದಿನಾ ಇವನ ಮನ್ಯಾಗ ಇರ್ತೇನಿ."

"ಏಳನೇ ದಿನಾ?" ಮಹಾದೇವಪ್ಪ ಕೇಳಿದ.

"ಅದನೂ ಬರದಾರಲಾ. ಸೂಟಿ. ಕಂಡಿಕಿ ಮುಟ್ಟಂಗಿಲ್ಲ. ಗುಡಿ ಕಟ್ಟಿ ಮ್ಯಾಲ ಕುಂಡ್ರತೇನಿ. ಬುತ್ತಿ ಇಬ್ರೂ ಕಳಸ್ರಿ, ಛಲೋ ಆಗಿದ್ದ ಉಣ್ತೇನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ತಕರಾರು ತೆಗೆಯಲು ಏನೂ ಉಳಿದಿರಲಿಲ್ಲ. ಸಹಿ ಮಾಡಿದರು. ಹೊರಡುವಾಗ ಮಹಾದೇವಪ್ಪ, "ಭಾಳ ವಿಚಾರ ಮಾಡಿ ಬರದಿದ್ರಿ" ಎಂದು ಕೈಮುಗಿದ. ನಾನು ಕನ್ನಡಕ ಒರೆಸಿಕೊಳ್ಳುತ್ತ ಸುಮ್ಮನಿದ್ದೆ. ಸುಮ್ಮನಿರುವುದೂ ವಕೀಲಿಯ ಒಂದು ಭಾಗ.

ಸಂಜೆ ಇದನ್ನೆಲ್ಲ ನನ್ನ ಜಾಣತನವೆಂಬಂತೆ ಹೆಂಡತಿ ಸುಶೀಲೆಗೆ ಹೇಳಿದೆ. ಆಕೆ ನನ್ನ ಜೊತೆ ಇಪ್ಪತ್ತೈದು ವರ್ಷ ಬಾಳಿದವಳು.

"ಖರೆ ಹೇಳ್ರಿ, ಹಳೀ ಕಾಗದಾ ನೋಡಿ ಬರದದ್ದ ಹೌದೋ ಅಲ್ಲೋ?"

ಒಪ್ಪಿಕೊಂಡೆ.

"ಹಂಗಾರ ಆ ಏಳನೇ ದಿನದ ಕಲಮು ನಮ್ಮ ಮನಿಗೂ ಹಚ್ಚರಿ."

ಅಂದಿನಿಂದ ರವಿವಾರ ಒಲೆಯ ಮುಂದೆ ನಾನು, ಪೇಪರಿನ ಮುಂದೆ ಆಕೆ. ತಕರಾರು ಅರ್ಜಿ ಬರೆಯೋಣವೆಂದು ಕಪಾಟು ಪೂರ್ತಿ ಹುಡುಕಿದೆ. ಇಂಥದ್ದಕ್ಕೆ ಒಂದೂ ಹಳೆಯ ಕಾಗದ ಸಿಗಲಿಲ್ಲ. ನೋಡದೆ ಬರೆಯುವುದು ನನಗೆ ಬರುವುದಿಲ್ಲ.