ಆಲಿ ಅನ್ನೋ ನೆಗೆತವೂ ನನ್ನ ಫಿಸಿಕ್ಸೂ

ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟೇ ತಲೆ ನೆರೆದವನು ನಾನು. ಕರಿಹಲಗೆಯ ಮೇಲೆ ಹೇಳಿದ ಮಾತು ಕೇಳುವ ನಿಯಮಗಳು, ಕ್ಲಾಸಿನಿಂದ ಆಚೆ ಬಂದ ಕೂಡಲೇ ನನ್ನ ಮಾನ ಕಳೆಯುತ್ತವೆ. ಎರಡು ಸಾವಿರದ ಏಳರಲ್ಲಂತೂ ಅದಕ್ಕೆ ನಾಲ್ಕು ಗಾಲಿಯ ಹಲಗೆ, ಒಂದು ಸ್ಕೇಟ್‌ಬೋರ್ಡ್, ಸಾಕಾಯಿತು.

ಸಿಲಬಸ್

ನಮ್ಮದು ಬಸವೇಶ್ವರನಗರದ ಕಾಲೇಜು. ಕಾಮಾಕ್ಷಿಪಾಳ್ಯದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಸ್ಕೇಟ್‌ಬೋರ್ಡ್‌ನ ಕೈಯಲ್ಲಿ ಮುಟ್ಟದೇನೆ, ನಮ್ ಜೊತೆ ಅದನ್ನೂ ನೆಗೆಸಬಹುದಾ?"

"ಕಾಲಿಗೆ ಅಂಟಿಸಿದ್ದೀಯೇನಮ್ಮಾ? ಸಾಧ್ಯವೇ ಇಲ್ಲ," ಅಂದೆ.

ಮರುದಿನ ಅಣ್ಣನ ಹಳೇ ಬೋರ್ಡ್ ತಂದಳು. ವರಾಂಡದಲ್ಲಿ ಅದರ ಮೇಲೆ ನಿಂತು ಜರ್ರನೆ ಬಂದು, ಬಾಲಕ್ಕೆ, ಅಂದರೆ ಹಲಗೆಯ ಹಿಂತುದಿಗೆ, ಟಪ್ಪಂತ ಒದ್ದು ನೆಗೆದಳು. ಬೋರ್ಡೂ ಸಾಕಿದ ಬೆಕ್ಕಿನಂತೆ ಅವಳ ಜೊತೆಗೇ ಮೇಲೆದ್ದಿತು! "ಇದಕ್ಕೆ ಆಲಿ ಅಂತಾರೆ ಸಾರ್. ಈಗ ಸಾಧ್ಯಾನಾ?"

"ಸಾಧ್ಯ ಕಣಮ್ಮ. ಆದ್ರೆ ಸಿಲಬಸ್‌ನಲ್ಲಿಲ್ಲ."

ಚಟ್ನಿ

ರಾತ್ರಿಯೆಲ್ಲ ಯೋಚಿಸಿ ಗುಟ್ಟು ಹಿಡಿದೆ. ಬೆಳಿಗ್ಗೆ ದರ್ಶಿನಿಯಲ್ಲಿ ಕೆಮಿಸ್ಟ್ರಿ ಮೇಷ್ಟ್ರಿಗೆ ವಿವರಿಸತೊಡಗಿದೆ: "ನೋಡಿ, ಏತದ ಹಾಗೆ. ಒಂದು ತುದಿ ಒತ್ತಿದ್ರೆ ಇನ್ನೊಂದು ತುದಿ ಏಳುತ್ತೆ." ತಟ್ಟೆಯ ಅಂಚಿನಲ್ಲಿದ್ದ ಚಮಚದ ಹಿಡಿಗೆ ಗುದ್ದಿದೆ. ಅದರಲ್ಲಿದ್ದ ಚಟ್ನಿ ಹಾರಿ ಪಕ್ಕದವರ ಬಿಳಿ ಶರ್ಟಿನ ಮೇಲೆ ಇಳಿಯಿತು.

"ಏನ್ರೀ ಇದು?" ಅಂತ ಅವರು ಕಣ್ಣು ಕೆಂಪಗೆ ಮಾಡಿದರು.

ಗಾಬರಿಯಲ್ಲಿ ನಾನು, "ಆಲಿ ಸಾರ್, ಆಲಿ!" ಅಂದೆ.

"ಯಾವ ಆಲೀರಿ? ಎರಚಿದ್ದು ನೀವು!"

ಪ್ರಯೋಗ

ಕೊನೆಗೆ ನಾನೇ ಬೋರ್ಡ್ ಹತ್ತಿದೆ. ಹುಡುಗಿ ಬೇಡ ಸಾರ್ ಅಂದರೂ ಕೇಳಲಿಲ್ಲ. ಹಿಂದಿನ ಕಾಲಲ್ಲಿ ಬಾಲಕ್ಕೆ ಒದ್ದೆ. ಬೋರ್ಡ್ ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ಹೋದೆ. ಕೈ ಮುರಿಯಿತು.

ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದದ್ದು ಅವಳೇ. ಡಾಕ್ಟರು ಪ್ಲಾಸ್ಟರ್ ಸುತ್ತುತ್ತಾ ಹೇಗಾಯಿತೆಂದು ಕೇಳಿದರು. ನೋವಿದ್ದರೂ ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ? "ಸ್ಕೇಟ್‌ಬೋರ್ಡ್‌ನ ಬಾಲ ನೆಲಕ್ಕೆ ಬಡಿದಾಗ ನೆಲ ವಾಪಸ್ ತಳ್ಳುತ್ತೆ ಡಾಕ್ಟ್ರೇ, ಮೂತಿ ಮೇಲೇಳುತ್ತೆ. ಆಗ ಮುಂದಿನ ಶೂ ಹಲಗೆಗೆ ಉಜ್ಜಿಕೊಂಡು ಮುಂದೆ ಜಾರಬೇಕು. ಆ ಘರ್ಷಣೆಯೇ ಬೋರ್ಡನ್ನ ಮೇಲಕ್ಕೆಳೆದು ಸಮ ಮಾಡೋದು."

ಡಾಕ್ಟರು ಕೈ ನಿಲ್ಲಿಸಿದರು. "ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬಿದ್ರಿ?"

ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಮೆಲ್ಲಗೆ ಅಂದಳು:

"ಡಾಕ್ಟ್ರೇ, ಸಾರ್ ನೆಗೆಯೋದೊಂದು ಮರೆತುಬಿಟ್ರು."