ದಪ್ಪದ ಕ್ರಿಮಿ ಮತ್ತು ಎರಡನೇ ತಟ್ಟೆ

ಡಾಕ್ಟರು ಮೂರು ಮಾತು ಹೇಳಿದರು. ನಮ್ಮ ಜನ ಒಂದನ್ನು ಮಾತ್ರ ಮನೆಗೆ ಒಯ್ದು, ಅದನ್ನು ಒಂದು ಹುಡುಗಿಯ ಮೇಲೆ ಎಸೆದರು. ತಪ್ಪು ಅದೇ. ಇಂಥದ್ದಕ್ಕೆ ನಮ್ಮೂರಲ್ಲಿ ಬರ ಇಲ್ಲ. ಒಂದರ ಮೇಲಿನ ನನ್ನ ಸಿಟ್ಟು ಇಳಿಯುವಷ್ಟರಲ್ಲಿ ಇಂಥದ್ದೇ ಇನ್ನೊಂದು ಬಂದು ನಿಂತಿರುತ್ತದೆ.

೧. ಹಲ್ಲಿನ ಕ್ಯಾಂಪು

ಶಿವಮೊಗ್ಗದ ಕೋಟೆ ಹತ್ತಿರ ಉಚಿತ ಹಲ್ಲಿನ ತಪಾಸಣೆ. ಅಲ್ಲೇ ಪಕ್ಕದ ಬೀದಿಯ ಹುಡುಗನಿಗೂ ಭದ್ರಾವತಿಯ ನನ್ನ ಅಕ್ಕನ ಮಗಳಿಗೂ ನಿಶ್ಚಿತಾರ್ಥ ಆಗಿತ್ತು. ಹುಡುಗಿ ಮೈಕೈ ತುಂಬಿಕೊಂಡವಳು, ಹುಡುಗ ಊದುಬತ್ತಿ ಕಡ್ಡಿ. ಹುಡುಗಿಯನ್ನು ಕ್ಯಾಂಪಿಗೆ ನಾನು ಕರೆದುಕೊಂಡು ಹೋಗಿದ್ದೆ; ಹುಡುಗನ ತಾಯಿ, ಅಂದರೆ ಬೀಗಿತ್ತಿ, ನಮ್ಮ ಜೊತೆಗೇ ಬಂದಿದ್ದರು.

ಡಾಕ್ಟರಮ್ಮ ಹೇಳಿದರು: "ದಪ್ಪ ಇರೋರ ಬಾಯಲ್ಲಿ ಬ್ಯಾಕ್ಟೀರಿಯಾ ಸ್ವಲ್ಪ ಬೇರೆ ಥರ ಇರಬಹುದು ಅಂತಾರೆ. ಕ್ರಿಮಿಯಿಂದ ದಪ್ಪ ಆದ್ರೋ, ತಿನ್ನೋದ್ರಿಂದ ಕ್ರಿಮಿ ಬದಲಾಯ್ತೋ, ಇನ್ನೂ ತೀರ್ಮಾನ ಆಗಿಲ್ಲ. ನೀವಂತೂ ಎರಡು ಹೊತ್ತು ಹಲ್ಲುಜ್ಜಿ."

ಬೀಗಿತ್ತಿ ನನ್ನ ತೋಳು ಹಿಡಿದರು. "ಅಂದ್ರೆ ಅಂಟುತ್ತೆ! ಮದುವೆ ದಿನ ಭೂಮಕ್ಕೆ ಕೂತು ಗಂಡು ಹೆಣ್ಣು ಒಂದೇ ತಟ್ಟೇಲಿ ಉಣ್ಣಬೇಕು. ಎಂಜಲು ಬೆರೆಯುತ್ತೆ. ಈ ಮದುವೆ ಸ್ವಲ್ಪ ಯೋಚನೆ ಮಾಡೋಣ."

ಹುಡುಗಿಯ ಮುಖ ಸಣ್ಣದಾಯ್ತು. ಡಾಕ್ಟರಮ್ಮ ಬೀಗಿತ್ತಿಯ ಕಡೆ ತಿರುಗಿ, "ನೀವು ಬಾಯಿ ತೆಗೀರಮ್ಮ" ಅಂದರು.

"ನಂದ್ಯಾಕೆ? ನಾನು ಬಂದಿರೋದು ಸೊಸೆ ಹಲ್ಲು ನೋಡೋಕೆ!"

೨. ಎಂಜಲು ಟೀ

ಭದ್ರಾವತಿಯಲ್ಲಿ ಹುಡುಗಿಯ ಅಪ್ಪನಿಗೆ ಸುದ್ದಿ ಮುಟ್ಟಿತು. ಆತ ಮಗಳಿಗಿಂತ ದುಪ್ಪಟ್ಟು. ನನ್ನನ್ನು ಟೀ ಅಂಗಡಿಗೆ ಎಳೆದುಕೊಂಡು ಹೋದ.

"ದಪ್ಪ ಅಂಟೋದಾದ್ರೆ ಸಣ್ಣನೂ ಅಂಟಬೇಕಲ್ಲ, ಮಾರಾಯ? ನೀನು ನರಪೇತಲ. ಅರ್ಧ ಕುಡಿದು ಕೊಡು. ನಾನು ಇಳಿದ್ರೆ ಮಗಳಿಗೂ ಇದೇ ಔಷಧಿ. ಮದುವೆ ಉಳಿಯುತ್ತೆ."

ಹುಟ್ಟಿದಾಗಿನಿಂದ ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿದ ಮನುಷ್ಯ, ದಿನಾ ನನ್ನ ಎಂಜಲು ಟೀ ಕುಡಿದ. ಜೊತೆಗೆ ಎರಡು ಬೋಂಡ.

"ಬೋಂಡ ಯಾಕೆ ಭಾವ?"

"ನಿನ್ನ ಕ್ರಿಮಿ ಹಸಿದಿರುತ್ತೆ. ನಮ್ಮನೆಗೆ ಬಂದಮೇಲೆ ಉಪವಾಸ ಕೆಡವೋಕಾಗುತ್ತಾ?"

೩. ಭೂಮ

ಕೊನೆಗೆ ಹುಡುಗನೇ ಹಟ ಹಿಡಿದ, ಮದುವೆ ಅಂತ ಆದ್ರೆ ಇವಳನ್ನೇ ಅಂದ. ಬೀಗಿತ್ತಿ ಅರ್ಧ ಮನಸ್ಸಿನಿಂದ ಒಪ್ಪಿದರು. ಉಳಿದರ್ಧ ಮದುವೆ ದಿನ ಹೊರಗೆ ಬಂತು. ಭೂಮಕ್ಕೆ ಕೂತವರ ಮುಂದೆ ಎರಡು ತಟ್ಟೆ ಇಟ್ಟರು.

ಛತ್ರ ಪೂರ್ತಿ ನೋಡುತ್ತಿದೆ. ಹುಡುಗಿ ತಲೆ ಎತ್ತಲಿಲ್ಲ. ನಾನು ಪಂಕ್ತಿಯಿಂದ ಎದ್ದೆ. "ಒಂದು ತಟ್ಟೆ ಒಳಗೆ ಹೋಗೋವರೆಗೂ ನಮ್ಮ ಕಡೆಯವರು ತುತ್ತು ಮುಟ್ಟಲ್ಲ!" ಬೋಂಡದ ಭಾವ ಕೂಡ ಎದ್ದ, ಹೋಳಿಗೆ ಕಡೆ ಒಂದು ಸಲ ನೋಡಿ.

ಆಗ ಮದುಮಗ ಬಾಯಿಬಿಟ್ಟ. "ಅಮ್ಮ, ನನಗೆ ಮೈ ಹತ್ತಲಿ ಅಂತ ಶಿವಮೊಗ್ಗದಲ್ಲಿರೋ ಟಾನಿಕ್ಕೆಲ್ಲ ಕುಡಿಸಿದೆ. ಈಗ ಇವಳ ಎಂಜಲಲ್ಲೇ ಬಿಟ್ಟಿ ಸಿಗ್ತಿದೆ. ತಡೀತೀಯಲ್ಲ!"

ಬೀಗಿತ್ತಿ ಮಗನ ಮೂಳೆ ಮುಖ ನೋಡಿದರು. ಸೊಸೆಯ ತುಂಬುಗೆನ್ನೆ ನೋಡಿದರು. ಎರಡನೇ ತಟ್ಟೆಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ಹೋಳಿಗೆಯೊಂದನ್ನು ಸೊಸೆಯ ಕೈಗಿಟ್ಟರು.

"ಮೊದಲು ನೀನು ಕಚ್ಚಿ ಕೊಡಮ್ಮ. ಚೆನ್ನಾಗಿ ಕಚ್ಚು!"

ಹುಡುಗಿ ನಕ್ಕಳು, ನಾವೂ ನಕ್ಕೆವು. ಆದರೆ ಆ ತಟ್ಟೆ ನಾನು ಮರೆತಿಲ್ಲ. ನಿಮ್ಮ ಎದುರು ಯಾರಾದರೂ ಒಂದು ಹೆಣ್ಣಿನ ಮೈ ಅಳೆದು ಬೇರೆ ತಟ್ಟೆ ತಂದರೆ, ಊಟ ಬಿಟ್ಟು ಏಳಿ. ತಟ್ಟೆ ಒಳಗೆ ಹೋಗುವವರೆಗೆ ಕೂರಬೇಡಿ. ಆಮೇಲೆ ಮನೆಗೆ ಹೋಗಿ ಹಲ್ಲುಜ್ಜಿ.